ನಮಗಂತೂ ತುಂಬಾ ಆಕ್ಷೇಪ ಇದೆ

ರೈಟಕ್ಕ ಬಸ್ಸಿನಿಂದ ಇಳಿದು ಮನೆ ಸೇರಿದ್ದರೂ ಬಸ್ಸು ಅವಳಿಂದ ಇಳಿದಿರಲಿಲ್ಲ. ಜೀವಮಾನವಿಡೀ ಕಂಡಕ್ಟರ್ ಆಗಿ ‘ರೈಟ್ ರೈಟ್’ ಎಂದು ಕೂಗಿ ಕೂಗಿ ಅದೇ ಅವಳ ಹೆಸರಾಗಿಬಿಟ್ಟಿತ್ತು. ನಿವೃತ್ತಿಯಾದ ಮೇಲೂ ಹಾಲು ಉಕ್ಕುವ ಹೊತ್ತಿಗೆ ‘ಹೋಲ್ಡಾನ್!’ ಎಂದು ಕೂಗಿಯೇ ಒಲೆ ಆರಿಸುವಳು. ಮೊಮ್ಮಗಳು ಪುಟ್ಟಿ ಬಚ್ಚಲಲ್ಲಿ ನೀರಾಡುತ್ತ ತಡಮಾಡಿದರೆ ‘ಬೇಗ ಇಳೀರಿ, ಹಿಂದೆ ಜನ ಕಾಯ್ತಿದಾರೆ’ ಎಂದು ಬಾಗಿಲು ಬಡಿಯುವಳು. ದನಿ ಅಂದರೆ ಅದು ದನಿ. ವಠಾರದ ಈ ತುದಿಯಲ್ಲಿ ಅವಳು ಪಿಸುಗುಟ್ಟಿದರೆ ಆ ತುದಿಯ ಮನೆಯವರು ‘ಏನಂದ್ರಿ?’ ಎಂದು ಹೊರಗೆ ಬರುತ್ತಿದ್ದರು.

ಅವಳಿಗೊಂದು ಹುಚ್ಚಿತ್ತು. ದೊಡ್ಡ ದೊಡ್ಡ ಪದಗಳೆಂದರೆ ಪ್ರಾಣ. ಬಸ್ಸಿನಲ್ಲಿ ವಕೀಲರು, ಲೆಕ್ಚರರು, ಆಫೀಸಿನವರು ಆಡುವ ಮಾತನ್ನು ಕಿವಿ ತುಂಬ ಕೇಳಿಸಿಕೊಂಡು, ಹಿಡಿಸಿದ್ದನ್ನು ಎತ್ತಿಕೊಂಡು ಮನೆಗೆ ಬರುವಳು. ಎತ್ತುವ ಅವಸರದಲ್ಲಿ ಒಂದೊಂದು ತಲೆಕೆಳಗಾಗಿರುತ್ತಿತ್ತು, ಅಷ್ಟೇ. ನೆಂಟರು ಬಂದರೆ ‘ಬನ್ನಿ ಬನ್ನಿ, ಬೆಳಗ್ಗೆಯಿಂದ ನಿಮ್ಮನ್ನೇ ನಿರ್ಲಕ್ಷ್ಯ ಮಾಡ್ತಾ ಕೂತಿದೀನಿ’ ಎಂದು ಬಾಯ್ತುಂಬ ಸ್ವಾಗತಿಸುವಳು. ನಿರೀಕ್ಷೆ ಎನ್ನಬೇಕಿತ್ತು, ಪಾಪ. ಬಂದವರೂ ನಗು ನುಂಗಿಕೊಂಡು ಕೂರುತ್ತಿದ್ದರು. ಅವಳನ್ನು ತಿದ್ದುವ ಧೈರ್ಯ ಯಾರಿಗಿತ್ತು?

ಒಬ್ಬರಿಗೆ ಇತ್ತು. ವಠಾರದಾಚೆ, ಬೀದಿ ಮೂಲೆಯ ಸ್ವಂತ ಮನೆಯ ಮೇಷ್ಟ್ರಿಗೆ. ಅವರು ಶಾಲೆಯಲ್ಲಿ ಭಾಷೆ ಕಲಿಸಿ ನಿವೃತ್ತರಾದವರು. ತಪ್ಪು ಪದ ಕಿವಿಗೆ ಬಿದ್ದರೆ ಅವರಿಗೆ ಮೈಮೇಲೆ ಇರುವೆ ಬಿಟ್ಟಂತಾಗುತ್ತಿತ್ತು. ಹಿಂದೆ ಇವಳ ಬಸ್ಸಿನಲ್ಲೇ ದಿನವೂ ಓಡಾಡುತ್ತಿದ್ದ ಕಾಲದಲ್ಲಿ, ಅವಳು ‘ಎಲ್ಲರೂ ಬೇಗ ಒಳಗೆ ಪ್ರದೇಶ ಮಾಡಿ’ ಎಂದರೆ ಸಾಕು, ಹಿಂದಿನ ಸೀಟಿನಿಂದ ‘ಪ್ರವೇಶ, ಕಂಡಕ್ಟರಮ್ಮ, ಪ್ರವೇಶ!’ ಎಂಬ ನರಳಾಟ ಕೇಳುತ್ತಿತ್ತು. ‘ಮೊದಲು ಟಿಕೆಟ್ ತಗೊಳ್ಳಿ ಮೇಷ್ಟ್ರೇ, ಆಮೇಲೆ ಪಾಠ ಮಾಡೋರಂತೆ’ ಎಂದು ಅವಳು ಬಾಯಿ ಮುಚ್ಚಿಸುತ್ತಿದ್ದಳು. ಅವಳ ಅಳಿಯ ಅಂಗಡಿಗಳ ಬೋರ್ಡು ಬರೆಯುವ ಪೇಂಟರು. ಅವನನ್ನಂತೂ ಮೇಷ್ಟ್ರು ಒಂದು ಒತ್ತಕ್ಷರಕ್ಕಾಗಿ ಇಳಿಸಿಟ್ಟ ಏಣಿಯನ್ನು ಮತ್ತೆ ಹತ್ತಿಸಿದ್ದರು. ಆ ಸಿಟ್ಟು ಅವನಿಗೆ ಇನ್ನೂ ಹೋಗಿರಲಿಲ್ಲ.

ಇಂಥ ಸಂಸಾರದ ನೆತ್ತಿಯ ಮೇಲೆ ಆ ವರ್ಷ ಕತ್ತಿ ತೂಗಿತು. ವಠಾರದ ಮಾಲೀಕರು ಮನೆಗಳನ್ನು ಕೆಡವಿ ಅಂಗಡಿ ಸಾಲು ಕಟ್ಟುವುದಾಗಿ ಹೇಳಿ, ಎಲ್ಲರಿಗೂ ಬೇರೆ ಕಡೆ ನೋಡಿಕೊಳ್ಳಿ ಎಂದುಬಿಟ್ಟರು. ಬೇರೆ ಕಡೆ ಎಲ್ಲಿ? ಊರಿನಲ್ಲಿ ಬಾಡಿಗೆ ಕೇಳಿದರೆ ಎದೆ ಒಡೆಯುತ್ತಿತ್ತು. ಮಗಳು ಕ್ಲಿನಿಕ್ಕಿನಲ್ಲಿ ನರ್ಸು, ಅಳಿಯ ಪೇಂಟರು. ಇಬ್ಬರೂ ದುಡಿದರೂ ಕೈಗೆಟಕುವ ಮನೆ ಒಂದೂ ಇರಲಿಲ್ಲ. ಒಂದು ಸಂಜೆ ಅಳಿಯ ಕುಂಚ ತೊಳೆಯುತ್ತ, ಮುಖ ಎತ್ತದೆ ಹೇಳಿದ.

‘ಇಲ್ಲೇನೂ ಆಗ್ಲಿಲ್ಲ ಅಂದ್ರೆ ನಮ್ಮಣ್ಣನ ಊರಿಗೆ ಹೋಗೋದೇ ಗತಿ ಅತ್ತೆ. ಅಲ್ಲಿ ಸದ್ಯಕ್ಕೆ ಒಂದೇ ಕೋಣೆ ಸಿಗೋದು. ನೀವು ಸ್ವಲ್ಪ ದಿನ ನಿಮ್ಮ ತಂಗಿ ಮನೇಲಿರಿ. ಆಮೇಲೆ ಕರೆಸ್ಕೊಳ್ತೀವಿ.’

‘ಆಮೇಲೆ’ ಎಂಬ ಮಾತಿನ ಬೆಲೆ ರೈಟಕ್ಕನಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು? ‘ಚಿಲ್ಲರೆ ಆಮೇಲೆ ಕೊಡ್ತೀನಿ’ ಎಂದು ಅವಳು ಎಷ್ಟು ಜನರನ್ನು ಹಾಗೇ ಇಳಿಸಿ ಕಳಿಸಿರಲಿಲ್ಲ! ಅಳಿಯನ ಮೇಲೆ ಸಿಟ್ಟು ಬರಲಿಲ್ಲ, ಅವನ ಕಣ್ಣೂ ತುಂಬಿತ್ತು. ಆದರೆ ಆವತ್ತು ಮಲಗುವಾಗ ಪುಟ್ಟಿ ಎಂದಿನಂತೆ ಅಜ್ಜಿಯ ಕಿವಿಯ ತುದಿ ಹಿಡಿದುಕೊಂಡು ನಿದ್ದೆ ಹೋದಳು. ಇನ್ನು ಈ ಮಗು ಯಾರ ಕಿವಿ ಹಿಡಿದು ಮಲಗಬೇಕು ಎಂದುಕೊಳ್ಳುತ್ತ ರೈಟಕ್ಕ ಬೆಳಗಿನವರೆಗೂ ಮಗ್ಗುಲು ಬದಲಿಸಲಿಲ್ಲ.

ಅಂಥ ಹೊತ್ತಿನಲ್ಲಿ ನಗರಸಭೆಯ ಪ್ರಕಟಣೆ ಬಂತು. ಮೇಷ್ಟ್ರ ಮನೆಯ ಪಕ್ಕದ ಖಾಲಿ ಬಯಲಿನಲ್ಲಿ ಕಡಿಮೆ ಬಾಡಿಗೆಯ ಮನೆಗಳನ್ನು ಕಟ್ಟುವ ಯೋಚನೆಯಿದೆ, ವಠಾರದವರಿಗೆ ಮೊದಲ ಅವಕಾಶ, ಆದರೆ ಅದಕ್ಕೂ ಮುಂಚೆ ಸುತ್ತಲಿನ ಜನ ಏನನ್ನುತ್ತಾರೋ ಕೇಳಬೇಕು ಎಂದಿತ್ತು. ಅಳಿಯ ಗಟ್ಟಿಯಾಗಿ ಓದಿದ: ‘ಆಕ್ಷೇಪ ಅಥವಾ ಅಪೇಕ್ಷೆ ಇರುವವರು ಕಚೇರಿಗೆ ಬಂದು ತಿಳಿಸತಕ್ಕದ್ದು.’

‘ಅದರಲ್ಲಿ ನಮ್ಮದು ಯಾವುದು ಅಳಿಯಂದ್ರೇ?’

‘ಅಪೇಕ್ಷೆ ಅತ್ತೆ. ಅಂದ್ರೆ ನಮಗೆ ಬೇಕು ಅಂತ.’

ಆಹಾ, ಎಂಥ ಪದ! ರೈಟಕ್ಕನಿಗೆ ಬಾಯಿ ಸಿಹಿಯಾಯಿತು. ನಾನೇ ಹೋಗಿ ಇಡೀ ವಠಾರದ ಪರವಾಗಿ ಹೇಳಿ ಬರುತ್ತೇನೆ ಎಂದು ಮರುದಿನ ಹೊರಟಳು. ದಾರಿಯುದ್ದಕ್ಕೂ ‘ಅಪೇಕ್ಷೆ, ಅಪೇಕ್ಷೆ’ ಎಂದು ಬಾಯಲ್ಲೇ ಜಪಿಸಿಕೊಂಡು ನಡೆದಳು. ತರಕಾರಿ ಅಂಗಡಿಯವಳು ಕರೆದು ಮಗಳ ಯೋಗಕ್ಷೇಮ ಕೇಳಿದಳು. ಕ್ಷೇಮ, ಕ್ಷೇಮ ಎಂದಳು. ಮುಂದೆ ಒಂದು ಸೈಕಲ್ಲು ಮೈಮೇಲೇ ಬಂತು. ಅವನಿಗೆ ನಾಲ್ಕು ಮಾತು ಬೈದಳು. ಬೈದು ಮುಗಿಸಿ ಮತ್ತೆ ಪದವನ್ನು ಬಾಯಿಗೆ ಹಾಕಿಕೊಳ್ಳುವಾಗ ಅದು ‘ಆಕ್ಷೇಪ’ ಆಗಿತ್ತು. ಅವಳಿಗೆ ಗೊತ್ತಾಗಲೇ ಇಲ್ಲ.

‘ನಮ್ಮ ವಠಾರದವರೆಲ್ಲರಿಗೂ ಆಕ್ಷೇಪ ಇದೆ. ಬರ್ಕೊಳ್ಳಿ ಸ್ವಾಮಿ’ ಎಂದಳು ಕಚೇರಿಯ ಗುಮಾಸ್ತನಿಗೆ.

‘ಎಲ್ಲರಿಗೂನಾ?’

‘ಒಬ್ಬರೂ ಬಿಡದ ಹಾಗೆ! ನಮಗಂತೂ ತುಂಬಾ ಆಕ್ಷೇಪ ಇದೆ. ಇದು ನಮ್ಮ ಬದುಕಿನ ಪ್ರಶ್ನೆ.’

ಹಿಂದೆ ಸರದಿಯಲ್ಲಿ ನಿಂತಿದ್ದವರು ಮೇಷ್ಟ್ರು. ಅವರ ಮುಖ ಅರಳಿತು. ‘ಓಹೋ, ನಿಮಗೂ ಆಕ್ಷೇಪವೇ ಕಂಡಕ್ಟರಮ್ಮ? ನಾನೂ ಅದಕ್ಕೇ ಬಂದೆ.’

‘ನಿಮಗೂನಾ ಮೇಷ್ಟ್ರೇ! ಅಯ್ಯೋ, ನನಗೆ ಆನೆ ಬಲ ಬಂತು ನೋಡಿ.’

ಜೀವನದಲ್ಲಿ ಮೊದಲ ಸಲ ಮೇಷ್ಟ್ರು ಅವಳ ಬಾಯಿಂದ ಸರಿಯಾದ ಪದ ಕೇಳಿದ್ದರು. ಆ ಸಂತೋಷದಲ್ಲಿ ಅವಳನ್ನು ಮನೆಗೇ ಕರೆದುಕೊಂಡು ಹೋದರು.

ಮನೆಯ ಮುಂಗೋಣೆಯಲ್ಲಿ, ಕಿಟಕಿಗೆ ಅಂಟಿಕೊಂಡ ಮಂಚದ ಮೇಲೆ ಮೇಷ್ಟ್ರ ಹೆಂಡತಿ ದಿಂಬಿಗೊರಗಿ ಕೂತಿದ್ದರು. ಮೆಟ್ಟಿಲಿಂದ ಬಿದ್ದ ಮೇಲೆ ಅವರಿಗೆ ಕಾಲು ಎತ್ತಿಡಲಾಗುತ್ತಿರಲಿಲ್ಲ. ಕಿಟಕಿಯ ಬಿಸಿಲು ಅವರ ಮಡಿಲಿನಲ್ಲಿ ಬಿದ್ದಿತ್ತು, ಹೊರಗೆ ಬಯಲಿನಲ್ಲಿ ಮಕ್ಕಳು ಚೆಂಡು ಒದೆಯುತ್ತ ಕಿರುಚುತ್ತಿದ್ದರು.

‘ಆ ಕೆಂಪು ಅಂಗಿ ಹುಡುಗಿ ನಿಮ್ಮ ಮೊಮ್ಮಗಳಲ್ವಾ? ಜಗಳಗಂಟಿ! ದಿನಾ ನೋಡ್ತೀನಿ’ ಎಂದು ನಕ್ಕರು. ‘ಈ ಬಿಸಿಲು, ಈ ಮಕ್ಕಳ ಗಲಾಟೆ, ಇಷ್ಟಿದ್ರೆ ನನಗೆ ಸಾಕಮ್ಮ. ಇನ್ನೇನೂ ಬೇಡ.’

‘ನೀವು ಅಂದ್ಕೊಂಡಿದ್ದು ಆಗೇ ಆಗತ್ತೆ ಬಿಡಿ ಅಮ್ಮಾವ್ರೇ. ನಾವೆಲ್ಲ ಒಂದಾಗಿದೀವಲ್ಲ!’ ಎಂದು ರೈಟಕ್ಕ ಅವರ ಕೈ ಒತ್ತಿದಳು. ಮೇಷ್ಟ್ರು ಕಣ್ಣೊರೆಸಿಕೊಂಡರು. ಟೀ ಕುಡಿದು, ಬಿಸ್ಕತ್ತು ತಿಂದು, ಒಬ್ಬರನ್ನೊಬ್ಬರು ಹೊಗಳಿ, ಒಬ್ಬರಿಗೊಬ್ಬರು ಒಂದಿಷ್ಟೂ ಅರ್ಥವಾಗದೆ ಬೀಳ್ಕೊಂಡರು.

ಸಭೆ ನಡೆದದ್ದು ಶಾಲೆಯ ಹಾಲಿನಲ್ಲಿ. ಮಕ್ಕಳ ಗಿಡ್ಡ ಬೆಂಚುಗಳ ಮೇಲೆ ದೊಡ್ಡವರೆಲ್ಲ ಮಂಡಿ ಮಡಚಿ ಕೂತಿದ್ದರು. ವಠಾರದವರು ಇಸ್ತ್ರಿ ಬಟ್ಟೆ ತೊಟ್ಟು, ಬಸ್ಸು ತುಂಬಿದ ಹಾಗೆ ರೈಟಕ್ಕನ ಹಿಂದೆ ಬಂದು ತುಂಬಿದರು. ನಗರಸಭೆಯ ಅಧಿಕಾರಿ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಎದ್ದು ನಿಂತು, ಬೇಸರದ ಮುಖದಲ್ಲಿ ಶುರುಮಾಡಿದಳು.

‘ಬೇಕು ಅನ್ನೋರಿಗಿಂತ ಬೇಡ ಅನ್ನೋರೇ ಜಾಸ್ತಿ ಇದಾರೆ. ಅದರಲ್ಲೂ ಪಕ್ಕದ ವಠಾರದವರು ಒಬ್ಬರೂ ಬಿಡದೆ ಆಕ್ಷೇಪ ಎತ್ತಿದಾರೆ. ಯಾರಿಗೋಸ್ಕರ ಮನೆ ಕಟ್ಟಬೇಕು ಅಂತಿದ್ವೋ ಅವರಿಗೇ ಬೇಡ ಅಂದ್ಮೇಲೆ ನಾವೇನು ಮಾಡೋಕಾಗತ್ತೆ? ಈ ಯೋಜನೇನ ಬೇರೆ ಬಡಾವಣೆಗೆ ಕೊಡೋದು ಅಂತ ತೀರ್ಮಾನ ಆಗೋದರಲ್ಲಿದೆ.’

ಮುಂದಿನ ಸಾಲಿನಲ್ಲಿ ಚಪ್ಪಾಳೆ ಬಿತ್ತು. ವಠಾರದವರು ಪಿಳಿಪಿಳಿ ಕಣ್ಣುಬಿಟ್ಟು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಎಲ್ಲರೂ ರೈಟಕ್ಕನನ್ನು ನೋಡಿದರು.

‘ಹೋಲ್ಡಾನ್!’ ಎಂದು ರೈಟಕ್ಕ ಎದ್ದ ರಭಸಕ್ಕೆ ಬೆಂಚು ಹಿಂದಕ್ಕೆ ಮಗುಚಿತು. ‘ಯಾರ್ರೀ ಬೇಡ ಅಂದಿದ್ದು? ನಾವು ಬೇಡ ಅಂದಿಲ್ಲ. ಆಕ್ಷೇಪ ಇದೆ ಅಂದ್ವಿ!’

‘ಅದೇ ಅಮ್ಮ, ಆಕ್ಷೇಪ ಅಂದ್ರೆ ಬೇಡ ಅಂತ ತಾನೇ?’

‘ಅಲ್ಲ ಮೇಡಂ. ಆಕ್ಷೇಪ ಅಂದ್ರೆ ಆಸೆ!’

ಹಾಲಿಗೆ ಹಾಲೇ ನಕ್ಕಿತು. ಮಗಳು ತಲೆ ಮೇಲೆ ಕೈಹೊತ್ತಳು. ಅಳಿಯ ಅತ್ತೆಯ ತೋಳು ಹಿಡಿದೆಳೆದು, ‘ಅತ್ತೆ, ಅದು ಅಪೇಕ್ಷೆ. ಅಪೇಕ್ಷೆ!’ ಎಂದು ಅಳುದನಿಯಲ್ಲಿ ಹೇಳಿದ. ಜೀವನವೆಲ್ಲ ರೈಟಕ್ಕ ತಪ್ಪು ಪದ ಆಡಿದ್ದಕ್ಕೆ ಜನ ನಕ್ಕಿದ್ದರೇ ಹೊರತು ಏನೂ ಕಳೆದುಹೋಗಿರಲಿಲ್ಲ. ಈಗ ಒಂದು ಪದಕ್ಕೆ ಒಂದು ವಠಾರವೇ ಬೀದಿಗೆ ಬೀಳುವಂತಾಯಿತಲ್ಲ!

‘ಇದೇನ್ರೀ ತಮಾಷೆ?’ ಮುಂದಿನ ಸಾಲಿನಿಂದ ಜವಳಿ ಅಂಗಡಿಯವರು ಎದ್ದರು. ‘ಆವತ್ತು ಬೇಡ, ಇವತ್ತು ಬೇಕು. ಬರೆಸಿದ್ದು ಬರೆಸಿದ್ದೇ ಮೇಡಂ. ಮಾತು ತಿರುಗಿಸೋಕೆ ಬಿಡಬೇಡಿ.’

ಗುಮಾಸ್ತನೂ ತಲೆಯಾಡಿಸಿದ. ‘ಆಕ್ಷೇಪ ಅಂತಲೇ ಅಂದ್ರು ಮೇಡಂ. ತುಂಬಾ ಆಕ್ಷೇಪ ಅಂದ್ರು.’

ಅಧಿಕಾರಿ ತುಟಿ ಕಚ್ಚಿದಳು. ‘ಅಮ್ಮ, ನಾನು ನಂಬ್ತೀನಿ. ಆದ್ರೆ ನನ್ನ ನಂಬಿಕೆ ಸಾಲಲ್ಲ. ನೀವು ಹೇಳಿದಾಗ ಅಲ್ಲಿದ್ದು, ನಿಮ್ಮ ಮನಸ್ಸಲ್ಲಿ ಇದ್ದಿದ್ದು ಬೇಕು ಅನ್ನೋದೇ ಅಂತ ಹೇಳೋರು ಯಾರಾದ್ರೂ ಇದಾರಾ?’

ಇದ್ದರು. ಮುಂದಿನ ಸಾಲಿನಲ್ಲೇ, ಚಪ್ಪಾಳೆ ತಟ್ಟಿದವರ ನಡುವೆ, ಚಪ್ಪಾಳೆ ತಟ್ಟದೆ ತಲೆ ತಗ್ಗಿಸಿ ಕೂತಿದ್ದರು. ಮೇಷ್ಟ್ರು ಅಲ್ಲಿ ಯಾಕೆ ಕೂತಿದ್ದಾರೆ ಎಂದು ರೈಟಕ್ಕನಿಗೆ ಆಗ ಹೊಳೆಯಿತು. ಅವರ ಆಕ್ಷೇಪ ನಿಜವಾದ ಆಕ್ಷೇಪ. ಆ ಬಿಸಿಲು, ಆ ಕಿಟಕಿ, ‘ಇಷ್ಟಿದ್ರೆ ಸಾಕಮ್ಮ’ ಎಂದ ಮಾತು, ಎಲ್ಲ ಒಟ್ಟಿಗೆ ಅರ್ಥವಾಯಿತು. ಬಯಲಿನಲ್ಲಿ ಕಟ್ಟಡ ಎದ್ದರೆ ಆಯಮ್ಮನ ಮುಂದೆ ಗೋಡೆಯೇ. ಇನ್ನು ಮೇಷ್ಟ್ರು ಬಾಯಿ ಬಿಡುತ್ತಾರೆಯೇ? ಅವರು ಸುಮ್ಮನೆ ಕೂತರೆ ಸಾಕು, ಗೆದ್ದಂತೆ. ಅವರ ಜಾಗದಲ್ಲಿ ತಾನಿದ್ದರೂ ಸುಮ್ಮನಿರುತ್ತಿದ್ದೆ ಎಂದುಕೊಂಡು ಅವಳು ಮಗುಚಿದ ಬೆಂಚನ್ನು ಎತ್ತಿ ನಿಲ್ಲಿಸಲು ಬಗ್ಗಿದಳು.

‘ನಾನು ಇದ್ದೆ’ ಎಂಬ ದನಿ ಕೇಳಿತು.

ಮೇಷ್ಟ್ರು ಎದ್ದು ನಿಂತಿದ್ದರು.

‘ಈಯಮ್ಮ ಆಕ್ಷೇಪ ಅಂದಾಗ ನಾನು ಹಿಂದೇನೇ ನಿಂತಿದ್ದೆ. ಆಕೆ ಮುಖದಲ್ಲಿ ಎಷ್ಟು ಆಸೆ ಇತ್ತು ಅಂದ್ರೆ, ಯಾವ ಮನುಷ್ಯನೂ ಬೇಡ ಅನ್ನೋದನ್ನ ಹಾಗೆ ನಗ್ತಾ ಹೇಳಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ನನಗೆ ಬೇಕಾದ ಹಾಗೆ ಕೇಳಿಸ್ಕೊಂಡೆ. ಪದ ತಪ್ಪಾದ್ರೆ ಅರ್ಥ ಕೆಡತ್ತೆ ಅಂತ ಸಾವಿರಾರು ಮಕ್ಕಳ ಕಿವಿ ಹಿಂಡಿದವನು ನಾನು. ಆದ್ರೆ ಅರ್ಥ ನೆಟ್ಟಗಿರೋವಾಗ ಪದ ತಪ್ಪಿತು ಅಂತ ಇವರ ಸೂರು ಕಿತ್ಕೊಳ್ಳೋಕೆ ನನ್ನ ಕೈಲಾಗಲ್ಲ. ನನಗೆ ಈ ಕಟ್ಟಡ ಬೇಡ. ಅವರಿಗೆ ಬೇಕು. ಎರಡನ್ನೂ ಹಾಗೇ ಬರ್ಕೊಳ್ಳಿ.’

ಹೇಳಿ ಕೂತುಬಿಟ್ಟರು. ಪಕ್ಕದಲ್ಲಿದ್ದ ಜವಳಿ ಅಂಗಡಿಯವರು ಮುಖ ಗಂಟಿಕ್ಕಿಕೊಂಡು ಒಂದು ಗೇಣು ದೂರ ಸರಿದರು. ಅಧಿಕಾರಿ ಗುಮಾಸ್ತನ ಕಡೆ ತಿರುಗಿ, ವಠಾರದವರನ್ನೆಲ್ಲ ಆ ಕಡೆಯಿಂದ ಈ ಕಡೆಗೆ ಸೇರಿಸಲು ಹೇಳಿದಳು. ಅಲ್ಲಿಗೆ ಲೆಕ್ಕ ಉಲ್ಟಾ ಆಯಿತು. ಬೇಕು ಎನ್ನುವವರೇ ಹೆಚ್ಚಾದರು.

ರೈಟಕ್ಕನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಹೋಗಿ ಮೇಷ್ಟ್ರ ಕಾಲು ಹಿಡಿಯೋಣ ಎನಿಸಿತು. ಆದರೆ ಮೇಷ್ಟ್ರು ತಲೆ ಎತ್ತಿರಲಿಲ್ಲ. ಮನೆಗೆ ಹೋಗಿ ಹೆಂಡತಿಗೆ ಏನು ಹೇಳುವುದೆಂದು ಯೋಚಿಸುತ್ತಿರುವವರ ಬೆನ್ನು ಅದು. ಹಿಂದಿನಿಂದ ನೋಡಿದರೂ ಗೊತ್ತಾಗುತ್ತಿತ್ತು. ‘ಇನ್ಯಾರಾದ್ರೂ ಹೇಳೋದಿದೆಯಾ?’ ಎಂದು ಅಧಿಕಾರಿ ಕೇಳಿದಳು.

‘ನಂದಿದೆ ಮೇಡಂ’ ಎಂದಳು ರೈಟಕ್ಕ. ‘ಈಗ ನನಗೆ ಆಕ್ಷೇಪ ಇದೆ.’

‘ಅಪೇಕ್ಷೆ ಅತ್ತೆ!’ ಅಳಿಯ ಹಲ್ಲು ಕಡಿದ.

‘ಸುಮ್ನಿರಿ ಅಳಿಯಂದ್ರೇ, ಈ ಸಲ ಸರಿಯಾಗೇ ಹೇಳ್ತಿದೀನಿ. ಇದು ಬೇಡ ಅನ್ನೋ ಆಕ್ಷೇಪಾನೇ. ಮೇಡಂ, ಕಟ್ಟಡಾನ ಮೇಷ್ಟ್ರ ಮನೆ ಮಗ್ಗುಲಿಗೆ ಕಟ್ಟಬೇಡಿ. ಬಯಲಿನ ಆಚೆ ಅಂಚಿಗೆ ಸರಿಸಿ. ಈಚೆ ಕಡೆ ಮಕ್ಕಳು ಆಡ್ಕೊಳ್ಳಲಿ. ಒಳಗೆ ಜಾಗ ಇದೆ, ಸ್ವಲ್ಪ ಹಿಂದೆ ಹೋದ್ರೆ ಎಲ್ಲರೂ ಹಿಡೀತೀವಿ. ಅಲ್ಲೊಬ್ಬರು ಕಿಟಕಿ ಸೀಟಲ್ಲಿ ಕೂತಿದಾರೆ. ಅವರನ್ನ ಎಬ್ಬಿಸಬೇಡಿ.’

ಅಧಿಕಾರಿ ನಕ್ಷೆಯ ಮೇಲೆ ಬೆರಳಾಡಿಸಿದಳು. ‘ಆಗಬಹುದು. ಆದ್ರೆ ನಕ್ಷೆ ಹೊಸದಾಗಿ ಮಾಡಬೇಕು, ಮತ್ತೆ ಒಪ್ಪಿಗೆ ತಗೋಬೇಕು. ಈಗಿರೋ ನಕ್ಷೆ ಆದ್ರೆ ವಠಾರ ಕೆಡವೋದರೊಳಗೆ ಮನೆ ಸಿಗತ್ತೆ. ಹೊಸದಾದ್ರೆ ತುಂಬಾ ತಡ ಆಗತ್ತೆ ಅಮ್ಮ. ಅಷ್ಟರಲ್ಲಿ ನಿಮ್ಮ ವಠಾರ ಇರಲ್ಲ.’

‘ಅಮ್ಮ, ಬೇಡಮ್ಮ’ ಎಂದು ಮಗಳು ಪಿಸುಗುಟ್ಟಿದಳು. ‘ತಡ ಆದ್ರೆ ನಾವು ಹೋಗ್ಲೇಬೇಕು. ನೀನಿಲ್ಲಿ, ನಾವಲ್ಲಿ.’

ರೈಟಕ್ಕನಿಗೆ ಗೊತ್ತಿರಲಿಲ್ಲವೇ? ಅವಳ ಕೈ ತಾನಾಗಿ ಕಿವಿಯ ತುದಿಗೆ ಹೋಯಿತು. ಆದರೆ ಎದುರಿಗೆ ಆ ಬಗ್ಗಿದ ಬೆನ್ನು ಇತ್ತಲ್ಲ. ಅದನ್ನು ನೋಡುತ್ತ ಬಾಯಿ ಮುಚ್ಚಿಕೊಳ್ಳುವುದು ಅವಳಿಗೆ ಆಗಲಿಲ್ಲ. ‘ತಡ ಆದ್ರೆ ಆಗಲಿ. ಬರ್ಕೊಳ್ಳಿ ಮೇಡಂ. ಇದೇ ನಮ್ಮ ಆಕ್ಷೇಪ’ ಎಂದಳು. ವಠಾರದ ಬಡಗಿ ಕೈಯೆತ್ತಿ ‘ನನಗೂ ಆಕ್ಷೇಪ ಇದೆ’ ಎಂದ. ಒಬ್ಬೊಬ್ಬರಾಗಿ ಎಲ್ಲರೂ ಎದ್ದರು. ಮೇಷ್ಟ್ರು ಹಿಂದೆ ತಿರುಗಿ ನೋಡಿದಾಗ ಅವರಿಗೆ ಕಂಡದ್ದು ನಿಂತ ವಠಾರ.

ತಡವಾಗಿಯೇ ಆಯಿತು. ವಠಾರ ಖಾಲಿ ಮಾಡುವ ದಿನ ಬಂದರೂ ಬಯಲಿನಲ್ಲಿ ಒಂದು ಇಟ್ಟಿಗೆಯೂ ಬಿದ್ದಿರಲಿಲ್ಲ. ಬೇರೆಯವರು ನೆಂಟರಿಷ್ಟರ ಮನೆ ಹುಡುಕಿಕೊಂಡರು. ‘ನಿನ್ನ ಆಕ್ಷೇಪಕ್ಕಿಷ್ಟು’ ಎಂದು ಒಬ್ಬಿಬ್ಬರು ಗೊಣಗಿದ್ದೂ ಉಂಟು. ರೈಟಕ್ಕ ಪುಟ್ಟಿಯ ಬಟ್ಟೆಗಳನ್ನು ಒಂದು ಪೆಟ್ಟಿಗೆಗೂ ತನ್ನವನ್ನು ಇನ್ನೊಂದಕ್ಕೂ ತುಂಬುತ್ತಿದ್ದಳು. ಯಾಕೆ ಎರಡು ಪೆಟ್ಟಿಗೆ ಎಂದು ಪುಟ್ಟಿ ಕೇಳಿದ್ದಕ್ಕೆ ಉತ್ತರ ಹುಡುಕುತ್ತಿದ್ದಳು. ಅಷ್ಟರಲ್ಲಿ ಬಾಗಿಲಲ್ಲಿ ಮೇಷ್ಟ್ರು ಕಾಣಿಸಿಕೊಂಡರು.

‘ಕಂಡಕ್ಟರಮ್ಮ, ನಮ್ಮ ಮನೆಯವಳಿಗೆ ಒಂದು ಅಪೇಕ್ಷೆ ಇದೆ. ಸರಿಯಾಗಿ ಕೇಳಿಸ್ಕೊಳ್ಳಿ, ಅಪೇಕ್ಷೆ. ಮಹಡಿ ಮೇಲೆ ಎರಡು ಕೋಣೆ ಸುಮ್ನೆ ಧೂಳು ತಿಂತಾ ಬಿದ್ದಿದೆ. ಆ ಜಗಳಗಂಟಿ ದೂರ ಹೋಗಿಬಿಟ್ರೆ ಕಿಟಕೀಲಿ ನೋಡೋಕೆ ಇನ್ನೇನಿದೆ ಅಂತ ಬೆಳಗ್ಗೆಯಿಂದ ನನ್ನ ತಲೆ ತಿಂತಿದಾಳೆ. ಮನೆ ಮುಗಿಯೋವರೆಗೆ ನೀವೆಲ್ಲ ಅಲ್ಲಿಗೆ ಬಂದುಬಿಡಿ.’

ರೈಟಕ್ಕ ತನ್ನ ಪೆಟ್ಟಿಗೆಯ ಬಟ್ಟೆಗಳನ್ನು ತೆಗೆದು ಪುಟ್ಟಿಯ ಪೆಟ್ಟಿಗೆಗೆ ತುಂಬತೊಡಗಿದಳು. ಅಳಿಯ ಎದ್ದು, ತನ್ನನ್ನು ಏಣಿ ಹತ್ತಿಸಿದವರ ಎರಡೂ ಕೈ ಹಿಡಿದುಕೊಂಡ.

ಕೊನೆಗೂ ಬಯಲಿನ ಆಚೆ ಅಂಚಿನಲ್ಲಿ ಮನೆಗಳೆದ್ದವು, ಚದುರಿಹೋದ ವಠಾರವೂ ಒಬ್ಬೊಬ್ಬರಾಗಿ ಅಲ್ಲಿ ಬಂದು ಸೇರಿತು. ಮಹಡಿಯಿಂದ ಇಳಿದು ಹೊಸ ಮನೆಗೆ ಹೋಗುವ ಬೆಳಗ್ಗೆ ರೈಟಕ್ಕ ಅಳಿಯನನ್ನು ಪಕ್ಕಕ್ಕೆ ಕರೆದು ಕೇಳಿದಳು: ‘ಉಪಕಾರ ಸ್ಮರಿಸೋದಕ್ಕೆ ಒಂದು ದೊಡ್ಡ ಪದ ಇದೆಯಲ್ಲ, ಏನದು?’

‘ಕೃತಜ್ಞತೆ. ಆದ್ರೆ ಬೇಡ ಅತ್ತೆ, ನಿಮ್ಮ ದಮ್ಮಯ್ಯ. ಅದು ಅಪಾಯದ ಪದ. ಒಂದು ಅಕ್ಷರ ಹೆಚ್ಚುಕಮ್ಮಿ ಆದ್ರೆ ಉಪಕಾರ ಮರೆತೋರು ಅಂತ ಆಗಿಬಿಡತ್ತೆ. ಸುಮ್ನೆ ಥ್ಯಾಂಕ್ಸ್ ಅನ್ನಿ.’

‘ಥ್ಯಾಂಕ್ಸಾ? ಅದು ಸರಿಯಾದ ಚಿಲ್ಲರೆ ಕೊಟ್ಟೋರಿಗೆ ಹೇಳೋದು!’

ಮೆಟ್ಟಿಲಿಳಿಯುತ್ತ ಪದವನ್ನು ಬಾಯಲ್ಲೇ ಉರುಹೊಡೆದಳು. ಕೆಳಗೆ ಮುಂಗೋಣೆಯಲ್ಲಿ ಬಿಸಿಲು ತುಂಬಿತ್ತು. ಮಂಚದ ಮೇಲೆ ಪುಟ್ಟಿ ಮೇಷ್ಟ್ರ ಹೆಂಡತಿಗೆ ಅಂಟಿಕೊಂಡು, ‘ಅದೋ ಆ ಕಿಟಕಿ ನಮ್ದು, ನಾನು ಅಲ್ಲಿಂದ ಕೈ ಬೀಸ್ತೀನಿ, ನೀವು ಇಲ್ಲಿಂದ ಬೀಸಿ’ ಎಂದು ಪಾಠ ಹೇಳುತ್ತಿದ್ದಳು. ಅದನ್ನು ನೋಡಿದ್ದೇ ರೈಟಕ್ಕನ ಕೆನ್ನೆಯ ಮೇಲೆ ನೀರಿಳಿಯಿತು. ಕೈಜೋಡಿಸಿ, ತನ್ನ ಬಸ್ಸಿನ ದನಿಯನ್ನೆಲ್ಲ ಒಟ್ಟುಗೂಡಿಸಿ ಹೇಳಿದಳು:

‘ಮೇಷ್ಟ್ರೇ, ಅಮ್ಮಾವ್ರೇ, ನಾವು ಸಾಯೋವರೆಗೂ ನಿಮಗೆ ಕೃತಘ್ನರು!’

ಅಳಿಯ ಕಣ್ಣು ಮುಚ್ಚಿಕೊಂಡ. ಮೇಷ್ಟ್ರ ತುಟಿ ಅಭ್ಯಾಸಬಲದಿಂದ ತೆರೆದುಕೊಂಡಿತು. ಜೀವಮಾನದಲ್ಲಿ ಒಂದು ತಪ್ಪನ್ನೂ ಹೋಗಗೊಟ್ಟವರಲ್ಲ ಅವರು. ಅವರು ರೈಟಕ್ಕನ ಒದ್ದೆ ಮುಖ ನೋಡಿದರು, ಬಿಸಿಲಲ್ಲಿ ನಗುತ್ತಿದ್ದ ಹೆಂಡತಿಯನ್ನು ನೋಡಿದರು. ತಾವೂ ಕೈ ಜೋಡಿಸಿದರು.

‘ನಾವೂ ಅಷ್ಟೇ ತಾಯಿ’ ಎಂದರು. ‘ಸಾಯೋವರೆಗೂ ನಿಮಗೆ ಕೃತಘ್ನರೇ.’